ಅಟ್ಟದಲ್ಲಿ ಎಸಿ ಡಕ್ಟ್ ಬೆವರುತ್ತಿದೆ, ಸೀಲಿಂಗ್‌ನಲ್ಲಿ ಕಲೆ: ಫ್ಯಾನ್ ಹಾಕಿಸಲೇ, ಡಕ್ಟ್ ಬದಲಿಸಲೇ?

ಕೇಟಿ ಕನ್ನಡಿಗ, ಹೂಸ್ಟನ್ ಪಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮದು 2004ರಲ್ಲಿ ಕಟ್ಟಿದ ಒಂದಂತಸ್ತಿನ ಮನೆ. ನಾಲ್ಕು ಟನ್ನಿನ ಎಸಿ. ಚಳಿಗಾಲಕ್ಕೆ ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸ್, ಎಸಿಯ ಗಾಳಿ ತಣ್ಣಗಾಗಿಸುವ ಕಾಯಿಲ್ ಎರಡೂ ಅಟ್ಟದಲ್ಲಿಯೇ ಇವೆ. ಅಲ್ಲಿಂದ ಕೋಣೆಗಳಿಗೆ ಫ್ಲೆಕ್ಸ್ ಡಕ್ಟ್, ಅಂದರೆ ಫೈಬರ್‌ಗ್ಲಾಸ್ ಸುತ್ತಿದ ಬಾಗುವ ಗಾಳಿ ಕೊಳವೆ, ಹೋಗಿದೆ. ಬೆಳ್ಳಿ ಬಣ್ಣದ ಹೊದಿಕೆಯ ಮೇಲೆ ಆರ್-6 (ಶಾಖ ತಡೆಯುವ ಶಕ್ತಿಯ ಅಳತೆ) ಎಂದು ಅಚ್ಚಾಗಿದೆ. ಅಟ್ಟ ಗಾಳಿಯಾಡುವಂಥದ್ದು: ಸೂರಿನ ಕೆಳಗೆ ಕಿಂಡಿಗಳಿವೆ, ಮಾಡಿನ ನೆತ್ತಿಯ ಉದ್ದಕ್ಕೂ ಇನ್ನೊಂದು ಕಿಂಡಿ ಇದೆ.

ಜೂನ್ ಕೊನೆಯಿಂದ ಮಲಗುವ ಕೋಣೆಗಳ ನಡುವಿನ ಓಣಿಯ ಸೀಲಿಂಗ್‌ನಲ್ಲಿ ಕಂದು ಕಲೆ ಕಾಣಿಸಿಕೊಂಡಿದೆ. ಮಳೆ ಬಾರದ ದಿನಗಳಲ್ಲಿಯೂ ಹಿಗ್ಗುತ್ತಿದೆ, ಆದ್ದರಿಂದ ಮಾಡು ಸೋರುತ್ತಿರಲಾರದು. ಅಟ್ಟ ಹತ್ತಿ ನೋಡಿದರೆ ಡಕ್ಟ್‌ಗಳ ಹೊಟ್ಟೆಯಿಂದ ನೀರು ತೊಟ್ಟಿಕ್ಕುತ್ತಿದೆ. ಸುತ್ತಲಿನ ಇನ್ಸುಲೇಷನ್ ಒದ್ದೆಯಾಗಿದೆ.

ಮೂವರು ಎಸಿ ಗುತ್ತಿಗೆದಾರರನ್ನು ಕರೆಸಿದೆ. ಒಬ್ಬರು, "ಅಟ್ಟ ತುಂಬಾ ಬಿಸಿ, ಗಾಳಿ ಹೊರಗೆ ತಳ್ಳುವ ವಿದ್ಯುತ್ ಫ್ಯಾನ್ ಹಾಕಿಸಿ" ಎಂದರು. ಇನ್ನೊಬ್ಬರು, "ಡಕ್ಟ್‌ಗಳ ಮೇಲೆ ಇನ್ನಷ್ಟು ಇನ್ಸುಲೇಷನ್ ಸುರಿದು ಪೂರ್ತಿ ಮುಚ್ಚಿಬಿಡೋಣ" ಎಂದರು. ಮೂರನೆಯವರದು ಎಲ್ಲ ಡಕ್ಟ್ ಕಿತ್ತು ಹೊಸದು ಹಾಕುವ ಸಲಹೆ. ಅವರು ಹೇಳಿದ ಮೊತ್ತ ಕೇಳಿ ನಮ್ಮ ಮನೆಯವರು ಅಲ್ಲೇ ಕುಳಿತುಬಿಟ್ಟರು.

ಹೇಳಲೇಬೇಕಾದ ಇನ್ನೊಂದು ವಿಷಯ. ಕಳೆದ ಚಳಿಗಾಲದಲ್ಲಿ ಅಟ್ಟದ ನೆಲಕ್ಕೆ ಪೈಪಿನಿಂದ ಊದುವ ಫೈಬರ್‌ಗ್ಲಾಸ್ ಇನ್ಸುಲೇಷನ್ ಹೆಚ್ಚುವರಿಯಾಗಿ ಹಾಕಿಸಿದೆವು. ಮಾಡಿನ ತೊಲೆಗಳಡಿ ಶಾಖ ತಡೆಯುವ ಅಲ್ಯೂಮಿನಿಯಂ ಹಾಳೆಯನ್ನೂ ಹೊಡೆಸಿದೆವು. ಕರೆಂಟ್ ಬಿಲ್ ಇಳಿದದ್ದು ನಿಜ. ಆದರೆ ಹಿಂದಿನ ಬೇಸಿಗೆಗಳಲ್ಲಿ ಈ ನೀರು ಇರಲಿಲ್ಲ. ಎರಡಕ್ಕೂ ಸಂಬಂಧ ಇದೆಯೇ?

ತಂಪುಗಾಳಿ, ಡಲ್ಲಾಸ್

ಸಂಬಂಧ ಇದೆ, ಗಟ್ಟಿಯಾಗಿಯೇ ಇದೆ. ಆದರೆ ತೀರ್ಪು ಕೊಡುವ ಮೊದಲು ಒಂದು ಅನುಮಾನ ನಿವಾರಣೆಯಾಗಲಿ. ಅಟ್ಟದಲ್ಲಿ ಕಾಯಿಲ್ ಇರುವ ಮನೆಗಳಲ್ಲಿ ಸೀಲಿಂಗ್ ಕಲೆಯ ಮೊದಲ ಆರೋಪಿ ನೀರು ಹೋಗುವ ಡ್ರೈನ್ ಪೈಪು. ಅದು ಪಾಚಿ ಕಟ್ಟಿ ಮುಚ್ಚಿಕೊಂಡರೆ ನೀರು ಫರ್ನೇಸಿನ ಕೆಳಗಿನ ದೊಡ್ಡ ಟ್ರೇಗೆ ಬೀಳುತ್ತದೆ. ಆ ಟ್ರೇ ಒಣಗಿದೆಯೇ ನೋಡಿ. ಕೆಲವು ಮನೆಗಳಲ್ಲಿ ಎರಡನೇ ಡ್ರೈನಿನ ಬಾಯಿ ಯಾವುದಾದರೂ ಕಿಟಕಿಯ ಮೇಲ್ಭಾಗದಲ್ಲಿ ಹೊರಬಂದಿರುತ್ತದೆ, ಮನೆಯವರ ಕಣ್ಣಿಗೆ ಬೀಳಲಿ ಎಂದೇ. ಅಲ್ಲಿಂದ ನೀರು ಬರುತ್ತಿದ್ದರೆ ಡಕ್ಟ್ ಮಾತು ಬಿಟ್ಟು ಡ್ರೈನ್ ಶುಚಿ ಮಾಡಿಸಿ.

ಟ್ರೇ ಒಣಗಿದ್ದರೆ ಹೀಗೆ ಮಾಡಿ. ಉಷ್ಣತೆ ಮತ್ತು ತೇವಾಂಶ ಎರಡನ್ನೂ ತೋರಿಸುವ ಚಿಕ್ಕ ಮೀಟರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದನ್ನು ಅಟ್ಟದಲ್ಲಿ ಡಕ್ಟ್ ಪಕ್ಕ ಇಡಿ. ಮಧ್ಯಾಹ್ನ ಮೂರಕ್ಕೊಮ್ಮೆ, ಬೆಳಗಿನ ಜಾವ ಐದಕ್ಕೊಮ್ಮೆ ಓದಿ ಬರೆದುಕೊಳ್ಳಿ. ಕೋಣೆಯ ಗ್ರಿಲ್‌ನಲ್ಲಿ ಬರುವ ಗಾಳಿಯ ಉಷ್ಣತೆ, ವಾಪಸು ಹೋಗುವ ಗಾಳಿಯ ಉಷ್ಣತೆ ಎರಡನ್ನೂ ಅಳೆಯಿರಿ. ನೀರು ಸರಿಯಾಗಿ ಎಲ್ಲೆಲ್ಲಿ ಇದೆ ಎಂಬುದರ ಫೋಟೊ ತೆಗೆಯಿರಿ: ಉದ್ದಕ್ಕೂ ಇದೆಯೇ, ಕೆಲವು ಜಾಗಗಳಲ್ಲಿ ಮಾತ್ರವೇ?

ಒಂದು ಎಚ್ಚರಿಕೆ. ಗುರಿಯಿಟ್ಟು ಉಷ್ಣತೆ ಓದುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬೆಳ್ಳಿ ಹೊದಿಕೆಯ ಮೇಲೆ ಸುಳ್ಳು ಹೇಳುತ್ತದೆ. ಹೊಳೆಯುವ ಮೈ ತನ್ನ ಶಾಖಕ್ಕಿಂತ ಎದುರಿಗಿರುವ ವಸ್ತುಗಳ ಶಾಖವನ್ನೇ ಹೆಚ್ಚಾಗಿ ಪ್ರತಿಫಲಿಸುತ್ತದೆ. ಹೊದಿಕೆಯ ಮೇಲೆ ಕಪ್ಪು ಎಲೆಕ್ಟ್ರಿಕಲ್ ಟೇಪಿನ ತುಂಡು ಅಂಟಿಸಿ, ಸ್ವಲ್ಪ ಹೊತ್ತು ಬಿಟ್ಟು ಅದರ ಮೇಲೆ ಗುರಿಯಿಡಿ.

ಮಧ್ಯಾಹ್ನ ಮೇಲೆ ಹೋದರೆ ಮೀಟರ್ ಓದಿ ತಕ್ಷಣ ಇಳಿಯಿರಿ. ಟೆಕ್ಸಾಸಿನ ಜುಲೈ ಅಟ್ಟದಲ್ಲಿ ತಲೆ ತಿರುಗಿ ಬಿದ್ದವರಿದ್ದಾರೆ. ಹೆಜ್ಜೆ ಮರದ ತೊಲೆಯ ಮೇಲೆಯೇ ಇರಲಿ. ನಡುವೆ ಇರುವುದು ಬರೀ ಜಿಪ್ಸಂ ಹಲಗೆ.

ಕೇಟಿ ಕನ್ನಡಿಗ

ಟ್ರೇ ಒಣಗಿದೆ, ಕಿಟಕಿಯ ಮೇಲಿನ ಪೈಪಿನಲ್ಲಿಯೂ ನೀರಿಲ್ಲ. ಅಳತೆಗಳು ಇಲ್ಲಿವೆ, ಎಲ್ಲವೂ ಸೆಲ್ಸಿಯಸ್.

ಮಧ್ಯಾಹ್ನ ಅಟ್ಟ 40 ಡಿಗ್ರಿ, ತೇವಾಂಶ ಶೇ 45. ಬೆಳಗಿನ ಜಾವ 27 ಡಿಗ್ರಿ, ಶೇ 90. ವಾಪಸು ಗಾಳಿ 22, ಗ್ರಿಲ್‌ನಲ್ಲಿ ಬರುವ ಗಾಳಿ 9.

ನೀರು ಎಲ್ಲ ಕಡೆ ಇಲ್ಲ. ಹೊಸ ಇನ್ಸುಲೇಷನ್‌ನಲ್ಲಿ ಅರ್ಧ ಹೂತುಹೋದ ಎರಡು ಡಕ್ಟ್‌ಗಳ ಕೆಳಭಾಗ ಯಾವ ಹೊತ್ತಿನಲ್ಲಿಯೂ ಚಂಡಿಯಾಗಿರುತ್ತದೆ. ತೊಲೆಗಳ ಸಂದಿಯಲ್ಲಿ ಎರಡು ಡಕ್ಟ್ ಒಂದಕ್ಕೊಂದು ಒತ್ತಿಕೊಂಡು ಹೋಗಿವೆ, ಅಲ್ಲಿಯೂ ಹಾಗೆಯೇ. ಯಂತ್ರದ ಗಾಳಿಯನ್ನು ಡಕ್ಟ್‌ಗಳಿಗೆ ಹಂಚುವ ಪ್ಲೆನಂ ಪೆಟ್ಟಿಗೆಗೆ ಡಕ್ಟ್ ಕೂಡುವ ಕಡೆ ಬಟ್ಟೆಯ ಟೇಪ್ ಬಿಟ್ಟುಕೊಂಡು ಜೋತು ಬಿದ್ದಿದೆ, ಕೈ ಹಿಡಿದರೆ ತಣ್ಣನೆ ಗಾಳಿ ಬಡಿಯುತ್ತದೆ. ಸ್ನಾನದ ಮನೆಯ ಗ್ರಿಲ್ ಕೂರುವ ಲೋಹದ ಪೆಟ್ಟಿಗೆಯ ಸುತ್ತ ಕೂಡ ತೇವ. ಬಯಲಲ್ಲಿ ತೂಗಿದ ಡಕ್ಟ್‌ಗಳು ಮಧ್ಯಾಹ್ನ ಒಣಗಿವೆ, ಬೆಳಗಿನ ಜಾವ ಮಾತ್ರ ತೆಳ್ಳಗೆ ಮಂಜು ಕಟ್ಟಿದಂತಿದೆ.

ಟ್ಯಾಂಪಾ ವಾಸಿ, ಫ್ಲೋರಿಡಾ

ನೀವು ಕೊಟ್ಟ ಅಳತೆಯನ್ನು ಇಬ್ಬನಿ ಬಿಂದುವಿಗೆ, ಅಂದರೆ ಗಾಳಿಯಲ್ಲಿನ ಆವಿ ನೀರಾಗತೊಡಗುವ ಉಷ್ಣತೆಗೆ, ಪರಿವರ್ತಿಸಿ ನೋಡಿದೆ. ಮಧ್ಯಾಹ್ನ 25.8, ಬೆಳಗಿನ ಜಾವ 25.2. ಹೆಚ್ಚುಕಡಿಮೆ ಒಂದೇ! ತೇವಾಂಶ 45ರಿಂದ 90ಕ್ಕೆ ಏರಿದೆ ಎಂದು ಗಾಬರಿಯಾಗುವ ಹಾಗಿಲ್ಲ, ಗಾಳಿಯಲ್ಲಿರುವ ನೀರು ಅಷ್ಟೇ ಇದೆ. ನಮ್ಮ ಕಡೆ ಎಷ್ಟೋ ಸಲ ಮಧ್ಯಾಹ್ನ ಇನ್ನೂ ಏರುತ್ತದೆ. ರಾತ್ರಿ ಮಾಡಿನ ಮರದ ಹಲಗೆ ಹೀರಿಕೊಂಡ ತೇವವನ್ನು ಬಿಸಿಲು ಬಿದ್ದಾಗ ಅಟ್ಟದೊಳಕ್ಕೇ ಬಿಡುತ್ತದೆ.

ತಂಪುಗಾಳಿ

ಟ್ಯಾಂಪಾದವರು ನನ್ನ ಕೆಲಸ ಸುಲಭ ಮಾಡಿದರು. ಇಬ್ಬನಿ ಬಿಂದು ಎಂಬ ಆ ಒಂದು ಅಂಕೆಯನ್ನು ಹಿಡಿದುಕೊಂಡರೆ ಮೂವರು ಗುತ್ತಿಗೆದಾರರ ಮಾತನ್ನೂ ತೂಗಿ ನೋಡಬಹುದು. ಡಕ್ಟ್‌ನ ಹೊರಮೈ ಅದಕ್ಕಿಂತ ತಣ್ಣಗಾದರೆ ನೀರು, ಬೆಚ್ಚಗಿದ್ದರೆ ನೀರಿಲ್ಲ. ಡಕ್ಟ್ ಬೆವರಲು ಅಟ್ಟದ ಬಿಸಿ ಕಾರಣವಲ್ಲ, ಬದಲಿಗೆ ಬಿಸಿ ಅಟ್ಟ ಡಕ್ಟ್‌ನ ಮೈಯನ್ನು ಒಣಗಿಸಿಡುತ್ತದೆ. ಇದು ಕೇಳಲು ವಿಚಿತ್ರ, ಆದರೆ ಲೆಕ್ಕ ಮಾಡಿ ನೋಡಿ.

ಒಳಗಿನ ಗಾಳಿ 13 ಡಿಗ್ರಿ ಎಂದುಕೊಳ್ಳಿ, ಸಾಮಾನ್ಯವಾಗಿ ಇರಬೇಕಾದದ್ದು ಅಷ್ಟು. ಆರ್-6 ಇನ್ಸುಲೇಷನ್, ಹೊರಗಿನ ನಿಂತ ಗಾಳಿಯ ಪದರಕ್ಕೆ ಇನ್ನೊಂದು 0.7. ಒಟ್ಟು 6.7. ಒಳಗಿನ ಮತ್ತು ಹೊರಗಿನ ಉಷ್ಣತೆಯ ಅಂತರದಲ್ಲಿ 6.7ಕ್ಕೆ 0.7 ಪಾಲು, ಅಂದರೆ ಹತ್ತರಲ್ಲೊಂದು, ಆ ಗಾಳಿಯ ಪದರದಲ್ಲಿ ಇಳಿಯುತ್ತದೆ. ಮಧ್ಯಾಹ್ನ 40 ಡಿಗ್ರಿಯ ಅಟ್ಟದಲ್ಲಿ ಹೊರಮೈ 37ರ ಸುಮಾರು. ಇಬ್ಬನಿ ಬಿಂದು 25.8. ಹನ್ನೊಂದು ಡಿಗ್ರಿಯ ಅಂತರ, ಬೆವರುವ ಪ್ರಶ್ನೆಯೇ ಇಲ್ಲ. ಬೆಳಗಿನ ಜಾವ ಅಟ್ಟ 27ಕ್ಕೆ ಇಳಿದಾಗ ಹೊರಮೈ 25.5, ಇಬ್ಬನಿ ಬಿಂದು 25.2. ಉಳಿದದ್ದು ಅರ್ಧ ಡಿಗ್ರಿಯೂ ಅಲ್ಲ. ನಿಮ್ಮ ಒಳಗಾಳಿ 9 ಡಿಗ್ರಿ ಇದೆ, ಹಾಗಾಗಿ ಆ ಅಂತರವೂ ಉಳಿಯುವುದಿಲ್ಲ. ಜಾವದ ಮಂಜಿನ ಕಥೆ ಇದು.

ಈಗ ಫ್ಯಾನ್ ಸಲಹೆ. ಫ್ಯಾನ್ ಹಾಕಿದರೆ ಹೊರಗಿನ ಗಾಳಿ ಒಳಗೆ ಬರುತ್ತದೆ. ಹೂಸ್ಟನ್ನಿನ ಹೊರಗಿನ ಗಾಳಿಯ ಇಬ್ಬನಿ ಬಿಂದು ಬೇಸಿಗೆಯಲ್ಲಿ 24-25, ಅಂದರೆ ಒಣಗಾಳಿಯೇನೂ ಬರುವುದಿಲ್ಲ. ಅಟ್ಟದ ಉಷ್ಣತೆ ಮಾತ್ರ ಇಳಿಯುತ್ತದೆ, ಇದ್ದ ಅಂತರವೂ ಕಿರಿದಾಗುತ್ತದೆ. ಅಲ್ಯೂಮಿನಿಯಂ ಹಾಳೆ ಮಾಡಿದ್ದೂ ಇದನ್ನೇ. ಬಿಲ್ ಇಳಿಸಿತು, ಜೊತೆಗೆ ಅಟ್ಟವನ್ನು ತಂಪು ಮಾಡಿ ಡಕ್ಟ್‌ನ ಅಂತರವನ್ನು ಕಿತ್ತುಕೊಂಡಿತು. ಸಾಲದ್ದಕ್ಕೆ ಬಲವಾದ ಫ್ಯಾನ್ ಸೀಲಿಂಗ್‌ನ ಬಿರುಕುಗಳಿಂದ ಮನೆಯೊಳಗಿನ ತಂಪು ಗಾಳಿಯನ್ನೂ ಎಳೆಯುತ್ತದೆ, ಆ ಜಾಗಕ್ಕೆ ಬಾಗಿಲು ಕಿಟಕಿಗಳ ಸಂದಿಯಿಂದ ಹೊರಗಿನ ಹಬೆಗಾಳಿ ನುಗ್ಗುತ್ತದೆ. ದುಡ್ಡು ಕೊಟ್ಟು ಕಷ್ಟ ತರಿಸಿಕೊಂಡಂತೆ.

ಎರಡನೆಯವರ ಸಲಹೆ ಇನ್ನೂ ಅಪಾಯಕಾರಿ. ಡಕ್ಟ್‌ನ ಹೊರಹೊದಿಕೆಯೇ ಆವಿಯನ್ನು ತಡೆಯುವ ಪದರ. ಊದಿದ ಫೈಬರ್‌ಗ್ಲಾಸ್ ಆವಿಯನ್ನು ತಡೆಯುವುದಿಲ್ಲ, ಶಾಖವನ್ನು ಮಾತ್ರ ತಡೆಯುತ್ತದೆ. ಹೊದಿಕೆಯ ಮೇಲೆ ಅದನ್ನು ನಾಲ್ಕೈದು ಇಂಚು ಸುರಿದರೆ, ಅಂದಾಜು ಆರ್-11, ಏನಾಗುತ್ತದೆ? ಕಂಬಳಿ ಹೊದ್ದ ಐಸ್ ಕರಗದೆ ತಣ್ಣಗೆ ಉಳಿಯುವಂತೆ ಹೊದಿಕೆ ಒಳಗಿನ ತಂಪಿನ ಕಡೆಗೆ ಜಾರುತ್ತದೆ. ನಡುಮಧ್ಯಾಹ್ನ, 40 ಡಿಗ್ರಿಯ ಅಟ್ಟದಲ್ಲಿ, 13 ಡಿಗ್ರಿಯ ಒಳಗಾಳಿ ಇದ್ದಾಗ ಆರ್-6 ಡಕ್ಟ್‌ನ ಹೂತ ಹೊದಿಕೆ 22ರ ಹತ್ತಿರ ಬರುತ್ತದೆ. ಇಬ್ಬನಿ ಬಿಂದುವಿಗಿಂತ ಮೂರು ಡಿಗ್ರಿಗೂ ಕೆಳಗೆ. ಅದಕ್ಕೇ ಹೂತ ಭಾಗ ಯಾವ ಹೊತ್ತಿನಲ್ಲಿಯೂ ಒದ್ದೆ. ಆರ್-8 ಡಕ್ಟ್ ಹಾಕಿ ಹೂತರೂ 24, ಆಗಲೂ ಒದ್ದೆಯೇ.

ಡಕ್ಟ್ ಹೂಳುವುದೇ ತಪ್ಪು ಎನ್ನುತ್ತಿಲ್ಲ. ಇಲ್ಲಿನ 2018ರ ಇಂಧನ ಸಂಹಿತೆ ಹೂಳಲು ಅನುಮತಿ ಕೊಡುತ್ತದೆ. ಆದರೆ ನಿಮ್ಮಂಥ ಬಿಸಿ-ತೇವದ ವಲಯದಲ್ಲಿ ಪೂರ್ತಿ ಹೂಳುವ ತಂಪುಗಾಳಿಯ ಡಕ್ಟ್‌ಗೆ ಕನಿಷ್ಠ ಆರ್-13 ಇನ್ಸುಲೇಷನ್ ಇರಬೇಕು ಎನ್ನುತ್ತದೆ. ಮೇಲಿನ ಲೆಕ್ಕದಲ್ಲಿ 6ರ ಜಾಗಕ್ಕೆ 13 ಹಾಕಿ ನೋಡಿ. ಹೊದಿಕೆ 27ಕ್ಕೆ ಏರುತ್ತದೆ, ಒಣಗಿರುತ್ತದೆ. ನಿಯಮ ಸುಮ್ಮನೆ ಬರೆದದ್ದಲ್ಲ. ನಿಮ್ಮ ಮನೆಯಲ್ಲಿ ಇನ್ಸುಲೇಷನ್ ಊದಿದವರು ಡಕ್ಟ್ ಎಷ್ಟರದು ಎಂದು ನೋಡದೆ ಅದರ ಮೇಲೆಯೇ ಊದಿದ್ದಾರೆ.

ಹೊಸ ಮನೆ, ಆರ್ಲ್ಯಾಂಡೊ

ಒಂದಕ್ಕೊಂದು ಒತ್ತಿಕೊಂಡ ಡಕ್ಟ್ ಏಕೆ ಬೆವರುತ್ತದೆ? ಎರಡೂ ಕಡೆ ಆರ್-6 ಇದೆಯಲ್ಲ, ಸೇರಿ ಆರ್-12 ಆಗಬೇಕಲ್ಲವೇ?

ತಂಪುಗಾಳಿ

ಎರಡೂ ಕಡೆ ತಂಪೇ ಇರುವುದೇ ತೊಂದರೆ. ಹೊದಿಕೆಯನ್ನು ಬೆಚ್ಚಗಿಡುವುದು ಅಟ್ಟದ ಗಾಳಿ. ಎರಡು ಡಕ್ಟ್ ಅಂಟಿಕೊಂಡ ಕಡೆ ಆ ಗಾಳಿ ತಾಗುವುದೇ ಇಲ್ಲ. ಎಡಕ್ಕೂ 13 ಡಿಗ್ರಿ, ಬಲಕ್ಕೂ 13 ಡಿಗ್ರಿ, ನಡುವೆ ಸಿಕ್ಕಿದ ಹೊದಿಕೆ ನಿಧಾನಕ್ಕೆ ಅದೇ ಉಷ್ಣತೆಗೆ ಇಳಿಯುತ್ತದೆ. ಅಂಚಿನಿಂದ ಆವಿ ನುಸುಳುತ್ತದೆ, ನೀರಾಗುತ್ತದೆ, ಹೊರಬರಲು ದಾರಿಯಿಲ್ಲದೆ ಕೆಳಗೆ ಹರಿಯುತ್ತದೆ. ಅದರ ಮೇಲೆ ತೊಲೆಯ ಸಂದಿಯಲ್ಲಿ ತುರುಕಿದಾಗ ಫೈಬರ್‌ಗ್ಲಾಸ್ ಅಪ್ಪಚ್ಚಿಯಾಗಿರುತ್ತದೆ. ದಪ್ಪ ಅರ್ಧವಾದರೆ ಇನ್ಸುಲೇಷನ್ ಕೂಡ ಹೆಚ್ಚುಕಡಿಮೆ ಅರ್ಧ.

ಕುಡ್ಲದವ, ಮಂಗಳೂರು

ನಾನು ಇಲ್ಲಿ ಸಭಾಂಗಣ, ಆಸ್ಪತ್ರೆಗಳ ಡಕ್ಟ್ ಕೆಲಸ ಮಾಡಿಸುವವನು. ನಿಮ್ಮ ಬೆಳಗಿನ ಜಾವದ 27 ಡಿಗ್ರಿ, ಶೇ 90 ಎಂಬುದು ನಮಗೆ ಜೂನ್, ಜುಲೈನಲ್ಲಿ ಹಗಲೂ ರಾತ್ರಿಯೂ ಇರುವ ಸ್ಥಿತಿ. ಫಾಲ್ಸ್ ಸೀಲಿಂಗ್ ಮೇಲೆ ಬಿಸಿಯೂ ಇರುವುದಿಲ್ಲ, ಒಣಗಲು ಹೊತ್ತೂ ಇರುವುದಿಲ್ಲ. ಏಪ್ರಿಲ್‌ನಲ್ಲಿ ಸುಮ್ಮನಿದ್ದ ಡಕ್ಟ್ ಮಳೆ ಹಿಡಿದ ಮೇಲೆ ಹನಿಯುತ್ತದೆ. ಬಿಸಿ ಕಾರಣವಲ್ಲ ಎಂದು ತಂಪುಗಾಳಿಯವರು ಹೇಳಿದ್ದಕ್ಕೆ ನಮ್ಮ ಮಳೆಗಾಲವೇ ಸಾಕ್ಷಿ.

ಅವರ ಲೆಕ್ಕಕ್ಕೆ ಒಂದು ತಿದ್ದುಪಡಿ ಸೇರಿಸುತ್ತೇನೆ. ಹೊರಗಾಳಿಯ ಪದರಕ್ಕೆ 0.7 ಹಿಡಿದದ್ದು ಕಪ್ಪು ಅಥವಾ ಬೂದು ಬಣ್ಣದ ಮಂದ ಮೈಗೆ ಸರಿ. ಕೇಟಿಯವರದು ಬೆಳ್ಳಿ ಹೊದಿಕೆ. ಹೊಳೆಯುವ ಮೈ ಸುತ್ತಲಿನ ಗೋಡೆ, ಮಾಡುಗಳ ಶಾಖವನ್ನು ಹೀರದೆ ಹಿಂದಕ್ಕೆ ಕಳುಹಿಸುತ್ತದೆ. ಆ ಪದರದ ತಡೆ ಇಮ್ಮಡಿಯ ಹತ್ತಿರ ಹೋಗುತ್ತದೆ, ಅಂದರೆ ಮೈ ಇನ್ನೂ ತಣ್ಣಗಾಗುತ್ತದೆ. 1.35 ಹಾಕಿದರೆ ಜಾವದ ಹೊತ್ತಿಗೆ ಹೊದಿಕೆ 24.4. ಒಳಗಾಳಿ 13 ಇದ್ದರೂ ಬೆವರುತ್ತದೆ. ಇನ್ಸುಲೇಷನ್ ದಪ್ಪ ಆರಿಸುವಾಗ ಹೊಳೆಯುವ ಮೈಗೆ ಹೆಚ್ಚು ದಪ್ಪ ಬೇಕಾಗುವುದು ಇದರಿಂದಲೇ. ಹಲವರು ಉಲ್ಟಾ ತಿಳಿದಿರುತ್ತಾರೆ, ಹೊಳೆಯುವುದೇ ಒಳ್ಳೆಯದು ಎಂದು.

ನಾವು ಇಲ್ಲಿ ತಗಡಿನ ಡಕ್ಟ್‌ಗೆ ನೈಟ್ರೈಲ್ ರಬ್ಬರ್ ಹಾಳೆ ಅಂಟಿಸುತ್ತೇವೆ. ಅದರೊಳಗಿನ ಗಾಳಿಗುಳ್ಳೆಗಳು ಒಂದೊಂದೂ ಮುಚ್ಚಿರುವುದರಿಂದ ಆವಿ ಸುಲಭಕ್ಕೆ ಒಳಗಿಳಿಯುವುದಿಲ್ಲ. ದರ ಇಳಿಸಬೇಕೆಂದು 19 ಮಿಲಿಮೀಟರ್ ಹಾಕಿಸಿಕೊಂಡವರು ಮಳೆಗಾಲದಲ್ಲಿ ಫೋನ್ ಮಾಡುತ್ತಾರೆ. 27 ಡಿಗ್ರಿ, ಶೇ 90ಕ್ಕೆ ಅದು ಸಾಲದು. 25 ಮಿಲಿಮೀಟರಿಗೂ ಕಷ್ಟವೇ, 32ರಲ್ಲಿ ಕೂದಲೆಳೆಯಲ್ಲಿ ಪಾರು. ಅದೂ ಹಾಳೆಯ ಕೂಡುಗಳು ಬಿಟ್ಟುಕೊಳ್ಳದಿದ್ದರೆ. ಡಕ್ಟ್ ತೂಗಿಸಿದ ಕಬ್ಬಿಣದ ಆ್ಯಂಗಲ್ ತಗಡಿಗೆ ನೇರವಾಗಿ ತಾಗಿದ್ದರೆ ಎಲ್ಲ ಕಡೆ ಒಣಗಿದ್ದು ಆ್ಯಂಗಲ್ ಮಾತ್ರ ಹನಿಯುತ್ತದೆ. ನಡುವೆ ಮರದ ಅಥವಾ ಗಟ್ಟಿ ಫೋಮಿನ ತುಂಡು ಇಡಬೇಕು.

ತಂಪುಗಾಳಿ

ಬೆಳ್ಳಿಯ ಮಾತು ಸರಿ, ಒಪ್ಪಿದೆ. ಕೇಟಿಯವರ ಬಯಲ ಡಕ್ಟ್ ಜಾವದಲ್ಲಿ ಮಂಜಾಗಲು ಅದೂ ಸೇರಿದೆ.

ಕೇಟಿಯವರೇ, ಇನ್ನು ಕೆಲಸಕ್ಕೆ ಬರೋಣ. ಮೊದಲು 9 ಡಿಗ್ರಿಯ ವಿಚಾರ. 22ರ ಗಾಳಿ ಒಳಗೆ ಹೋಗಿ 9 ಆಗಿ ಬರುತ್ತಿದೆ, ಹದಿಮೂರು ಡಿಗ್ರಿ ಇಳಿಕೆ. ಒಂಬತ್ತರಿಂದ ಹನ್ನೆರಡರವರೆಗೆ ಸಹಜ. ಇದಕ್ಕಿಂತ ಹೆಚ್ಚು ಎಂದರೆ ಕಾಯಿಲ್ ಮೇಲೆ ಗಾಳಿ ಸಾಲುತ್ತಿಲ್ಲ. ಒಂದು ಟನ್ನಿಗೆ ನಿಮಿಷಕ್ಕೆ 350ರಿಂದ 400 ಘನ ಅಡಿ ಗಾಳಿ ಬೇಕು. ಫಿಲ್ಟರ್ ಯಾವುದು? ಬಳಸದ ಕೋಣೆಗಳ ಗ್ರಿಲ್ ಮುಚ್ಚಿದ್ದೀರಾ? ರಾತ್ರಿ ಎಷ್ಟಕ್ಕೆ ಇಡುತ್ತೀರಿ?

ಕೇಟಿ ಕನ್ನಡಿಗ

ಮಗನಿಗೆ ಅಲರ್ಜಿ ಎಂದು ಒಂದಿಂಚಿನ ಫಿಲ್ಟರಿನಲ್ಲಿಯೇ ಸಿಗುವ ಅತಿ ನವಿರಾದದ್ದನ್ನು ಹಾಕಿದ್ದೇವೆ. ಅತಿಥಿ ಕೋಣೆ ಮತ್ತು ಊಟದ ಕೋಣೆಯ ಗ್ರಿಲ್ ಮುಚ್ಚಿದೆ, ಕರೆಂಟ್ ಉಳಿಯಲಿ ಎಂದು. ರಾತ್ರಿ 20 ಡಿಗ್ರಿ.

ತಂಪುಗಾಳಿ

ಗ್ರಿಲ್‌ಗಳನ್ನು ತೆರೆಯಿರಿ. ಮುಚ್ಚಿದರೆ ಕರೆಂಟ್ ಉಳಿಯುವುದಿಲ್ಲ, ಒತ್ತಡ ಹೆಚ್ಚಾಗಿ ಅಟ್ಟದಲ್ಲಿನ ಸೋರಿಕೆ ಹೆಚ್ಚುತ್ತದೆ. ಒಂದಿಂಚಿನ ನವಿರು ಫಿಲ್ಟರ್ ಗಾಳಿಯ ಕುತ್ತಿಗೆ ಹಿಸುಕುತ್ತದೆ. ಅಲರ್ಜಿಗೆ ಅದೇ ಬೇಕಿದ್ದರೆ ನಾಲ್ಕಿಂಚು ದಪ್ಪದ ಫಿಲ್ಟರ್ ಕೂರುವ ಚೌಕಟ್ಟು ಹಾಕಿಸಿ. ಮೇಲ್ಮೈ ಹೆಚ್ಚು, ತಡೆ ಕಡಿಮೆ. ಇಷ್ಟರಿಂದ ಗಾಳಿ 12-13ಕ್ಕೆ ಬರದಿದ್ದರೆ ಕಾಯಿಲ್ ಧೂಳು ಹಿಡಿದಿರಬಹುದು ಅಥವಾ ಎಸಿಯೊಳಗಿನ ಗ್ಯಾಸ್ ಮಟ್ಟ ನೋಡಿಸಬೇಕಾಗಬಹುದು. ಅದು ತಂತ್ರಜ್ಞರ ಕೆಲಸ, ನೀವು ಕೈ ಹಾಕಬೇಡಿ. ಥರ್ಮೋಸ್ಟ್ಯಾಟ್ 20ರ ಬದಲು 23ಕ್ಕೆ ಇಟ್ಟರೂ ಬೆಳಗಿನ ಜಾವದ ಹೊತ್ತಿಗೆ ಎಸಿ ಬಿಡುವಿಲ್ಲದೆ ಓಡುವುದು ತಪ್ಪುತ್ತದೆ.

ಅಟ್ಟದಲ್ಲಿ: ಡಕ್ಟ್ ಮೇಲೆ, ಪಕ್ಕದಲ್ಲಿ ಬಿದ್ದ ಊದಿದ ಇನ್ಸುಲೇಷನ್ ಅನ್ನು ಕೈಗವಸು, ಮಾಸ್ಕ್ ಹಾಕಿಕೊಂಡು ಬದಿಗೆ ತಳ್ಳಿ. ಡಕ್ಟ್‌ಗಳನ್ನು ಅದರಿಂದ ಮೇಲೆತ್ತಿ ಪಟ್ಟಿಯಿಂದ ತೂಗುಹಾಕಿ. ಪಟ್ಟಿ ಒಂದೂವರೆ ಇಂಚಿಗಿಂತ ಅಗಲವಿರಲಿ, ತಂತಿ ಅಥವಾ ಹಗ್ಗ ಬೇಡ, ಅವು ಫೈಬರ್‌ಗ್ಲಾಸನ್ನು ಕತ್ತರಿಸಿದಂತೆ ಒತ್ತುತ್ತವೆ. ನಾಲ್ಕು ಅಡಿಗೊಂದು ಪಟ್ಟಿ. ಎರಡು ಪಟ್ಟಿಗಳ ನಡುವೆ ಅಡಿಗೆ ಅರ್ಧ ಇಂಚಿಗಿಂತ ಹೆಚ್ಚು ಜೋಲು ಬೀಳಬಾರದು. ಒತ್ತಿಕೊಂಡ ಜೋಡಿಯನ್ನು ಬೇರೆ ಬೇರೆ ಸಂದಿಯಲ್ಲಿ ಹಾಯಿಸಿ. ಆಗದಿದ್ದರೆ ನಡುವೆ ಮೂರು ಇಂಚಾದರೂ ಗಾಳಿಯಾಡುವ ಜಾಗ ಬಿಡಿ. ಸೀಲಿಂಗ್ ಮೇಲಿನ ಇನ್ಸುಲೇಷನ್ ಹಾಗೆಯೇ ಇರಲಿ, ತೆಳು ಮಾಡಬೇಡಿ.

ಒದ್ದೆಯಾದ ಡಕ್ಟ್‌ನ ಹೊದಿಕೆ ಹಿಚುಕಿ ನೋಡಿ. ಒಳಗೆ ನೀರು ಗುಳುಗುಳು ಎಂದರೆ ಅಥವಾ ಹೊದಿಕೆಯೊಳಗೆ ಕಪ್ಪು ಬೂಷ್ಟು ಕಂಡರೆ ಆ ತುಂಡು ಉಳಿಸಿಕೊಳ್ಳಬೇಡಿ. ಆವಿ ತಡೆಯುವ ಹೊದಿಕೆಯೊಳಗೆ ಸಿಕ್ಕ ನೀರು ಹೊರಹೋಗುವುದಿಲ್ಲ. ಆ ತುಂಡನ್ನಷ್ಟೇ ಆರ್-8ರಿಂದ ಬದಲಿಸಿ, ಮಂದ ಬಣ್ಣದ ಹೊದಿಕೆಯದು ಸಿಕ್ಕರೆ ಒಳ್ಳೆಯದು. ಮೂರನೇ ಗುತ್ತಿಗೆದಾರರು ಹೇಳಿದಂತೆ ಎಲ್ಲವನ್ನೂ ಬದಲಿಸಿದರೆ ಬಯಲಲ್ಲಿ ತೂಗುವ ಒಣ ಡಕ್ಟ್‌ಗೆ ಆರ್-6 ಹೋಗಿ ಆರ್-8 ಬಂದದ್ದರಿಂದ ಸಿಗುವ ಲಾಭ ಜಾವದಲ್ಲಿ ಅರ್ಧ ಡಿಗ್ರಿಯ ಆಸುಪಾಸು ಮಾತ್ರ.

ಪ್ಲೆನಂ ಕೂಡು. ಒಳಗಿನ ನಳಿಕೆಯನ್ನು ಲೋಹದ ಕೊರಳಿಗೆ ಏರಿಸಿ, ಮಾಸ್ಟಿಕ್ (ಸಂದಿ ಮುಚ್ಚುವ ಗಟ್ಟಿ ಅಂಟು) ಬಳಿದು, ಪ್ಲಾಸ್ಟಿಕ್ ಪಟ್ಟಿ ಬಿಗಿಯಿರಿ. ಆಮೇಲೆ ಫೈಬರ್‌ಗ್ಲಾಸನ್ನು ಕೊರಳು ಮುಚ್ಚುವಂತೆ ಎಳೆದು ಪೆಟ್ಟಿಗೆಯವರೆಗೆ ತನ್ನಿ. ಕೊನೆಗೆ ಹೊದಿಕೆಯನ್ನು ಪೆಟ್ಟಿಗೆಯ ಹೊರಮೈಗೆ ಟೇಪಿನಿಂದ ಮುಚ್ಚಿ. ಬಹಳ ಜನ ಮೊದಲನೆಯದನ್ನು ಮಾಡಿ ಕೊನೆಯದನ್ನು ಬಿಡುತ್ತಾರೆ. ಗಾಳಿ ಸೋರುವುದು ನಿಲ್ಲುತ್ತದೆ, ಆದರೆ ಹೊದಿಕೆಯ ಬಾಯಿಯಿಂದ ಆವಿ ಒಳಹೋಗಿ ಲೋಹದ ಕೊರಳ ಮೇಲೆ ನೀರಾಗುತ್ತದೆ. ಟೇಪಿನ ಮೇಲೆ ಯುಎಲ್ 181ಬಿ-ಎಫ್‌ಎಕ್ಸ್ ಎಂದು ಅಚ್ಚಾಗಿರಬೇಕು. ಡಕ್ಟ್ ಟೇಪ್ ಎಂಬ ಹೆಸರಿನಲ್ಲಿ ಮಾರುವ ಬಟ್ಟೆಯ ಟೇಪ್ ಡಕ್ಟ್ ಒಂದನ್ನು ಬಿಟ್ಟು ಬೇರೆಲ್ಲದಕ್ಕೂ ಆಗುತ್ತದೆ. 1998ರಲ್ಲಿಯೇ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದವರು ಬಿಸಿಗೊಡ್ಡಿ ಪರೀಕ್ಷಿಸಿ ಅದು ನಿಲ್ಲುವುದಿಲ್ಲವೆಂದು ತೋರಿಸಿದ್ದರು.

ಟ್ಯಾಂಪಾ ವಾಸಿ

ನಾವು ಬೇರೆ ದಾರಿ ಹಿಡಿದೆವು. ಮಾಡಿನ ಹಲಗೆಯ ಒಳಮೈಗೆ ಫೋಮ್ ಸಿಂಪಡಿಸಿ, ಕಿಂಡಿಗಳನ್ನೆಲ್ಲ ಮುಚ್ಚಿ ಅಟ್ಟವನ್ನೇ ಮನೆಯೊಳಗೆ ಸೇರಿಸಿಕೊಂಡೆವು. ಡಕ್ಟ್ ಬೆವರುವುದು ಪೂರ್ತಿ ನಿಂತಿತು. ಆದರೆ ಖರ್ಚು ದೊಡ್ಡದು. ಮುಚ್ಚಿದ ಅಟ್ಟದ ತೇವ ತೆಗೆಯಲು ಸ್ವಲ್ಪ ಎಸಿ ಗಾಳಿಯನ್ನೋ ಡಿಹ್ಯೂಮಿಡಿಫೈಯರನ್ನೋ ಕೊಡಲೇಬೇಕು.

ತಂಪುಗಾಳಿ

ಕೇಟಿಯವರ ಫರ್ನೇಸ್ ಗ್ಯಾಸಿನದು ಎಂಬುದು ನೆನಪಿರಲಿ. ಉರಿಯಲು ಅದು ಅಟ್ಟದ ಗಾಳಿಯನ್ನು ಬಳಸುವ ಮಾದರಿಯದಾದರೆ ಅಟ್ಟ ಮುಚ್ಚುವುದು ಜೀವಕ್ಕೇ ಅಪಾಯ. ಹೊರಗಿನಿಂದ ಪೈಪಿನಲ್ಲಿ ಗಾಳಿ ಎಳೆದುಕೊಳ್ಳುವ ಮಾದರಿಗೆ ಬದಲಿಸಿದ ಮೇಲೆಯೇ ಆ ಯೋಚನೆ. ಗ್ಯಾಸ್ ಗೀಸರ್ ಅಟ್ಟದಲ್ಲಿದ್ದರೂ ಇದೇ ಮಾತು.

ಕೇಟಿ ಕನ್ನಡಿಗ

ಕೆಲಸ ಮುಗಿಯಿತು, ವರದಿ ಕೊಡುತ್ತೇನೆ. ಗ್ರಿಲ್ ತೆರೆದು ಫಿಲ್ಟರ್ ಬದಲಿಸಿದ ಕೂಡಲೇ ಬರುವ ಗಾಳಿ 12ಕ್ಕೆ ಏರಿತು. ಇದು ಇಷ್ಟು ಸುಲಭ ಎಂದು ಊಹಿಸಿರಲಿಲ್ಲ. ಒಬ್ಬ ಸಹಾಯಕನೊಂದಿಗೆ ಹೂತ ಡಕ್ಟ್‌ಗಳನ್ನು ಬಿಡಿಸಿ ತೂಗಿಸಿದೆವು. ಹೊದಿಕೆಯೊಳಗೆ ಬೂಷ್ಟು ಹಿಡಿದ ಎರಡು ತುಂಡುಗಳನ್ನು ಬದಲಿಸಿದೆವು. ಒತ್ತಿಕೊಂಡಿದ್ದ ಜೋಡಿ ಈಗ ಬೇರೆ ಬೇರೆ ಸಂದಿಯಲ್ಲಿದೆ. ಪ್ಲೆನಂ ಸುತ್ತ ಕೈ ಹಿಡಿದರೆ ಗಾಳಿ ತಾಗುವುದಿಲ್ಲ. ಓಣಿಯ ಕಲೆ ಹಿಗ್ಗುವುದು ನಿಂತಿದೆ. ಜಾವದಲ್ಲಿ ಬೆಳ್ಳಿ ಹೊದಿಕೆಯ ಮೇಲೆ ಮಂಜು ಇನ್ನೂ ಒಮ್ಮೊಮ್ಮೆ ಕಾಣುತ್ತದೆ, ಹನಿಯುವಷ್ಟಲ್ಲ, ಬಿಸಿಲೇರಿದ ಮೇಲೆ ಒಣಗುತ್ತದೆ.

ಉಳಿದದ್ದು ಸ್ನಾನದ ಮನೆಯ ಪೆಟ್ಟಿಗೆ. ಅದಕ್ಕೆ ಇನ್ಸುಲೇಷನ್ ಸುತ್ತಿ, ಸೀಲಿಂಗ್ ಹಲಗೆಗೂ ಪೆಟ್ಟಿಗೆಗೂ ನಡುವಿನ ಸಂದಿಯನ್ನು ಮಾಸ್ಟಿಕ್‌ನಿಂದ ಮುಚ್ಚಿದರೂ ತೇವ ಹೋಗಿಲ್ಲ.

ಕುಡ್ಲದವ

ಸ್ನಾನದ ಮನೆಯ ಎಕ್ಸಾಸ್ಟ್ ಫ್ಯಾನಿನ ಕೊಳವೆ ಎಲ್ಲಿಗೆ ಹೋಗುತ್ತದೆ?

ಕೇಟಿ ಕನ್ನಡಿಗ

ಈಗ ನೋಡಿದೆ. ಎಲ್ಲಿಗೂ ಹೋಗುವುದಿಲ್ಲ. ಆ ಪೆಟ್ಟಿಗೆಯಿಂದ ಮೊಳ ದೂರದಲ್ಲಿ ಬಾಯಿ ಬಿಟ್ಟುಕೊಂಡು ಬಿದ್ದಿದೆ.

ಕುಡ್ಲದವ

ಬಿಸಿನೀರ ಸ್ನಾನದ ಹಬೆಯೆಲ್ಲ ತಣ್ಣನೆ ತಗಡಿನ ಮೇಲೆ ಹೋಗುತ್ತಿದೆ, ಇನ್ನೇನಾಗಬೇಕು? ಕೊಳವೆಯನ್ನು ಮಾಡಿನಾಚೆಗೆ ಒಯ್ಯಿಸಿ. ಸೂರಿನ ಕಿಂಡಿಯ ಹತ್ತಿರ ಬಿಡಬೇಡಿ, ಅದೇ ಕಿಂಡಿಯಿಂದ ಮರಳಿ ಒಳಗೆ ಬರುತ್ತದೆ.

ಹೊಸ ಮನೆ, ಆರ್ಲ್ಯಾಂಡೊ

ಇದೇ ಚರ್ಚೆಯಲ್ಲಿ ಕೇಳಿದರೆ ತಪ್ಪಿಲ್ಲ ತಾನೇ? ನಮ್ಮ ಡಕ್ಟ್‌ಗಳೆಲ್ಲ ಒಣಗಿವೆ, ಆದರೆ ಯಂತ್ರದ ಕೆಳಗಿನ ಟ್ರೇಯಲ್ಲಿ ಎರಡು ಬೆರಳು ನೀರು ನಿಂತಿದೆ.

ತಂಪುಗಾಳಿ

ಅದು ಡ್ರೈನಿನ ತೊಂದರೆ, ಹೊಸ ಚರ್ಚೆ ತೆರೆಯಿರಿ. ಬರೆಯುವ ಮೊದಲು ಎಸಿ ಆರಿಸಿ, ಟ್ರೇಯ ನೀರು ತೆಗೆಯಿರಿ. ಟ್ರೇಯಲ್ಲಿ ಫ್ಲೋಟ್ ಸ್ವಿಚ್ ಇದೆಯೇ ನೋಡಿ ತಿಳಿಸಿ. ಇದ್ದರೆ ಇಷ್ಟು ನೀರಿಗೆ ಅದು ಯಂತ್ರವನ್ನು ನಿಲ್ಲಿಸಬೇಕಿತ್ತು.